ಹಟ್ಟಿ ಖಾಲಿಯಾಯಿತು, ಇನ್ನು ಅಕ್ಕಚ್ಚು ಬಾಲ್ದಿಯನ್ನು ಏನು ಮಾಡುವುದು?

ಬೈಲಮನೆ ಅಕ್ಕ:

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಓದಿ ಸುಮ್ಮನಾಗುವವಳು, ಬರೆಯುವವಳಲ್ಲ. ಈಗ ಬರೆಯಬೇಕಾಗಿ ಬಂದಿದೆ. ಒಂದು ಬಾಲ್ದಿಯ ವಿಷಯಕ್ಕೆ ನಮ್ಮ ಮನೆಯಲ್ಲಿ ಮೂರು ದಿನದಿಂದ ಸರಿಯಾಗಿ ಮಾತಿಲ್ಲ.

ನಮ್ಮದು ಕಾಸರಗೋಡಿನ ಬಡಗು ಕಡೆ. ಬಸ್ಸು ಇಳಿದು ಒಂದು ಗುಡ್ಡೆ ಹತ್ತಿ ಇಳಿದರೆ ಮನೆ. ಒಂದೂವರೆ ಎಕರೆ ಅಡಿಕೆ, ನಡುವೆ ಬಾಳೆ, ಒಂದಷ್ಟು ಕರಿಮೆಣಸು. ಮನೆಯಲ್ಲಿ ಮೂವರು: ನಾನು, ನಮ್ಮವರು, ಎಂಬತ್ತನಾಲ್ಕು ವರ್ಷದ ಅತ್ತೆ. ಮಗ ಬೆಂಗಳೂರಿನಲ್ಲಿ.

ಕಳೆದ ವರ್ಷದ ತನಕ ನಮಗೆ ಕಸ ಎಂಬುದೊಂದು ತಲೆಬಿಸಿಯೇ ಇರಲಿಲ್ಲ. ಅಕ್ಕಿ ತೊಳೆದ ನೀರು, ಗಂಜಿ ತಿಳಿ, ಸೌತೆ ಸಿಪ್ಪೆ, ಉಳಿದ ಅನ್ನ ಎಲ್ಲ ಅಡುಗೆಮನೆ ಬಾಗಿಲ ಹತ್ತಿರದ ಅಕ್ಕಚ್ಚು ಬಾಲ್ದಿಗೆ. ಸಂಜೆ ಅದು ದನದ ಹೊಟ್ಟೆಗೆ. ದನದ ಸೆಗಣಿ ಗುಂಡಿಗೆ, ಗುಂಡಿಯ ಗೊಬ್ಬರ ಅಡಿಕೆ ಬುಡಕ್ಕೆ. ಹಾಲಿನ ಕವರು, ಬಿಸ್ಕತ್ತಿನ ಕವರು, ಮಾತ್ರೆಯ ಸ್ಟ್ರಿಪ್ಪು ಎಲ್ಲ ಬಚ್ಚಲಿನ ಒಲೆಗೆ. ಮಳೆಗಾಲದಲ್ಲಿ ಒದ್ದೆ ಸೌದೆಯ ಕೆಳಗೆ ಒಂದು ಕವರು ಇಟ್ಟರೆ ಭಗ್ ಅಂತ ಹೊತ್ತಿಕೊಳ್ಳುತ್ತಿತ್ತು. ಒಳ್ಳೆಯದಲ್ಲ ಅಂತ ಗೊತ್ತಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಗೊತ್ತಿತ್ತು. ಆದರೂ ಮಾಡುತ್ತಿದ್ದೆ.

ಈಗ ಎರಡು ದಾರಿಯೂ ಒಂದೇ ವರ್ಷದಲ್ಲಿ ಮುಚ್ಚಿಹೋದವು.

ಮಾಗಿಯಲ್ಲಿ ಕೊನೆಯ ದನವನ್ನು ನಾದಿನಿಯ ಮನೆಗೆ ಕಳಿಸಿದೆವು. ನಮ್ಮವರಿಗೆ ಮೊಣಕಾಲು ನೋವು, ನನಗೆ ಸೊಂಟ. ಹುಲ್ಲು ತರುವವರು ಯಾರು? ಹಟ್ಟಿ ಖಾಲಿ. ಇನ್ನೊಂದು ಕಡೆ ಹರಿತ ಕರ್ಮ ಸೇನೆಯವರು (ಪಂಚಾಯತಿನ ಪರವಾಗಿ ಮನೆಮನೆಯಿಂದ ಒಣ ಕಸ ಕೊಂಡುಹೋಗುವ ಹೆಂಗಸರ ತಂಡ) ಬಾಗಿಲಿಗೆ ಕ್ಯೂಆರ್ ಕೋಡಿನ ಸ್ಟಿಕ್ಕರ್ ಅಂಟಿಸಿದ್ದು ಮೊದಲೇ ಇತ್ತು. ಈಗ ವಿಷಯ ಬಿಗಿಯಾಗಿದೆ. ಪ್ಲಾಸ್ಟಿಕ್ ತೊಳೆದು ಒಣಗಿಸಿ ತಿಂಗಳಿಗೊಮ್ಮೆ ಕೊಡಬೇಕು, ಜತೆಗೆ 50 ರೂಪಾಯಿ. ಬೆಂಕಿಗೆ ಹಾಕಿದರೆ ದಂಡ. ಅಡುಗೆಮನೆಯ ಹಸಿ ಕಸ ಅವರು ಮುಟ್ಟುವುದಿಲ್ಲ. ಅದಕ್ಕೆ ಮನೆಯಲ್ಲೇ ವ್ಯವಸ್ಥೆ ಇರಬೇಕು, ಇದೆಯಾ ಅಂತ ಕೇಳಿ ಬರೆದುಕೊಂಡು ಹೋಗುತ್ತಾರೆ.

ಯಾವ ತಿಂಗಳು ಏನು ಕೊಡಬೇಕು ಅನ್ನುವ ಪಟ್ಟಿಯ ಕಾಗದ ಬಂತು. ಪೂರ್ತಿ ಮಲಯಾಳ. ನಾನು ಹತ್ತನೇ ಕ್ಲಾಸು ಓದಿದವಳು, ಕನ್ನಡ ಮಾಧ್ಯಮ. ಮಲಯಾಳ ಮಾತಾಡಿದರೆ ಅರ್ಥವಾಗುತ್ತದೆ, ಬಸ್ಸಿನ ಬೋರ್ಡು ಓದುತ್ತೇನೆ, ಅದರಾಚೆ ಹೋಗುವುದಿಲ್ಲ. ಹಾಗಾಗಿ ಹಳೆ ಚಪ್ಪಲಿ ಕೊಡುವ ತಿಂಗಳಲ್ಲಿ ಬಾಟಲಿ ಕಟ್ಟಿಟ್ಟೆ. ಅವರು ನಕ್ಕರು, ನಾನೂ ನಕ್ಕೆ. ಬಾಟಲಿ ಈಗಲೂ ಚಾವಡಿಯ ಮೂಲೆಯಲ್ಲೇ ಇದೆ.

ಹಸಿ ಕಸಕ್ಕೆ ಅಂತ ರಿಯಾಯಿತಿಯಲ್ಲಿ ಒಂದು ಬಿನ್ ಸಿಕ್ಕಿತು. ಮೂರು ಅಂತಸ್ತಿನದು, ಜತೆಗೆ ಒಂದು ಚೀಲ ಇನೋಕ್ಯುಲಂ, ಅಂದರೆ ಕಸ ಬೇಗ ಕೊಳೆಯಲು ಹಾಕುವ ಹೆಪ್ಪು. ತೆಂಗಿನ ನಾರಿನ ಹುಡಿಯ ಹಾಗೆ ಇರುತ್ತದೆ. ಮೇ ತಿಂಗಳಲ್ಲಿ ಚೆನ್ನಾಗಿಯೇ ಇತ್ತು. ಹಲಸಿನ ಕಾಲ ನೋಡಿ, ಒಂದು ಹಣ್ಣು ಬಿಡಿಸಿದರೆ ಸೊಳೆ ಒಂದು ಪಾತ್ರೆ, ರೆಚ್ಚೆ (ಸಿಪ್ಪೆ, ನಾರು ಎಲ್ಲ ಸೇರಿ) ಮೂರು ಬಾಲ್ದಿ. ಅದು ಹೇಗೆ ಆ ಪುಟ್ಟ ಬಿನ್ನಿನಲ್ಲಿ ಹಿಡಿಸಬೇಕು? ಆದರೂ ತುರುಕಿದೆ. ಜೂನ್ ಎರಡನೇ ವಾರ ಗಾಳಿಮಳೆಗೆ ಮುಚ್ಚಳ ಹಾರಿ ಬಿನ್ ತುಂಬ ನೀರು. ಬಿಳಿ ಹುಳು ಕೊಚಕೊಚ. ವಾಸನೆಗೆ ಅತ್ತೆ ಊಟ ಬಿಟ್ಟೆದ್ದರು. ನಮ್ಮವರು ಸಿಟ್ಟಿನಿಂದ ಅದನ್ನು ಎತ್ತಿಕೊಂಡು ಹೋಗಿ ತೋಟದಲ್ಲಿ ಇಟ್ಟರು. ಅದೇ ರಾತ್ರಿ ಕಾಡುಹಂದಿ ಬಂದು ಬಿನ್ ಉರುಳಿಸಿ, ಹತ್ತಿರದ ನಾಲ್ಕು ಬಾಳೆಯನ್ನೂ ಅಗೆದು ಹಾಕಿತು. ಆದ್ದರಿಂದ ದಯವಿಟ್ಟು ‘ಬಾಳೆ ಬುಡಕ್ಕೆ ಹಾಕಿ’ ಅಂತ ಯಾರೂ ಹೇಳಬೇಡಿ.

ಈಗ ಬಾಲ್ದಿಯ ವಿಷಯ. ದನ ಹೋಗಿ ಆರು ತಿಂಗಳಾದರೂ ಅತ್ತೆ ಅಕ್ಕಚ್ಚು ಬಾಲ್ದಿ ತೆಗೆಯಲು ಬಿಡುತ್ತಿಲ್ಲ. ಅಕ್ಕಿ ತೊಳೆದ ನೀರು ಅದಕ್ಕೇ ಸುರಿಯುತ್ತಾರೆ. ನಾನು ಸಂಜೆ ಹೊರಗೆ ಚೆಲ್ಲುತ್ತೇನೆ. ಮೊನ್ನೆ ಬಾಲ್ದಿಯನ್ನೇ ತೊಳೆದು ಕವುಚಿ ಇಟ್ಟೆ. ‘ಮನೆಯ ಲಕ್ಷ್ಮಿಯನ್ನು ಕವುಚಿ ಹಾಕಿದಿಯಲ್ಲ’ ಅಂದರು. ಅಷ್ಟೇ. ಅಂದಿನಿಂದ ಮಾತು ಕಡಿಮೆ.

ನನ್ನ ಪ್ರಶ್ನೆ ಎರಡು. ಮಳೆಗಾಲದಲ್ಲಿ, ಹಂದಿ ಬರುವ ಜಾಗದಲ್ಲಿ, ವಾಸನೆ ಬಾರದ ಹಾಗೆ ಹಸಿ ಕಸ ಕೊಳೆಸುವುದು ಹೇಗೆ? ಮತ್ತೆ ಬಚ್ಚಲ ಒಲೆ ಹೊತ್ತಿಸಲು ಕವರಿನ ಬದಲು ಏನು? ನಗಬೇಡಿ, ಬೆಳಿಗ್ಗೆ ಐದೂವರೆಗೆ ಮಳೆಯಲ್ಲಿ ಆ ಒಲೆಯ ಎದುರು ಕೂತವರಿಗೆ ಗೊತ್ತು.

ಕುಡ್ಲದ ಫ್ಲಾಟು:

ಅಕ್ಕಾ, ಹಸಿ ಕಸ ಕೊಂಡುಹೋಗುವುದಿಲ್ಲ ಅಂದರೆ ಏನರ್ಥ? 50 ರೂಪಾಯಿ ಯಾಕೆ ಕೊಡುವುದು ಮತ್ತೆ? ನಮ್ಮ ಮಂಗಳೂರಿನಲ್ಲಿ ಬೆಳಿಗ್ಗೆ ಗಾಡಿ ಬರುತ್ತದೆ, ಹಸಿ ಕಸ ಕೊಟ್ಟರೆ ಮುಗಿಯಿತು. ಒಣ ಕಸಕ್ಕೆ ಬೇರೆ ದಿನ. ನೀವೆಲ್ಲ ಸೇರಿ ಪಂಚಾಯತಿನಲ್ಲಿ ಗಾಡಿ ಕೇಳಿ.

ತುತ್ತುಸುಣ್ಣ:

ಕುಡ್ಲದವರೇ, ಗಾಡಿ ಬಂದು ಕೊಂಡುಹೋದ ಮೇಲೆ ಅದು ಎಲ್ಲಿಗೆ ಹೋಗುತ್ತದೆ? ನಿಮ್ಮ ಪಚ್ಚನಾಡಿಗೆ ಅಲ್ವಾ? 2019ರ ಆಗಸ್ಟ್ ಮಳೆಗೆ ಆ ಕಸದ ಗುಡ್ಡೆ ಜಾರಿ ಕೆಳಗಿನ ಮಂದಾರದ ಅಡಿಕೆ ತೋಟ, ತೆಂಗು, ಮನೆ ಎಲ್ಲದರ ಮೇಲೆ ಕೂತದ್ದು ನೆನಪಿದೆಯಾ? ಅಡಿಕೆ ಮರ ನಿಂತಲ್ಲೇ ಕಸದಲ್ಲಿ ಹೂತುಹೋದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ತೋಟದವನಿಗೆ ಅದಕ್ಕಿಂತ ಕೆಟ್ಟ ನೋಟ ಇಲ್ಲ. ಕೊಚ್ಚಿಯ ಬ್ರಹ್ಮಪುರದಲ್ಲಿ 2023ರ ಮಾರ್ಚಿನಲ್ಲಿ ಕಸದ ರಾಶಿಗೆ ಬೆಂಕಿ ಬಿದ್ದು ಹತ್ತು ದಿನಕ್ಕಿಂತ ಜಾಸ್ತಿ ಊರೆಲ್ಲ ಹೊಗೆ. ಅದಾದ ಮೇಲೆಯೇ ಕೇರಳದಲ್ಲಿ ಇಷ್ಟು ಬಿಗಿ ಬಂದದ್ದು. ಹಳ್ಳಿಯಲ್ಲಿ ಜಾಗ ಇರುವಾಗ ಸೌತೆ ಸಿಪ್ಪೆಗೆ ಡೀಸೆಲ್ ಸುಟ್ಟು ಗಾಡಿ ಯಾಕೆ?

ಇನ್ನು ಬೈಲಮನೆ ಅಕ್ಕನಿಗೆ. ನೀವು ಪ್ರಶ್ನೆಯಲ್ಲೇ ಉತ್ತರ ಬರೆದಿದ್ದೀರಿ, ನಿಮಗೇ ಕಾಣಲಿಲ್ಲ. ಹಟ್ಟಿ ಖಾಲಿ ಅಂದಿರಲ್ಲ? ಬಿನ್ ಹಟ್ಟಿಯೊಳಗೆ ಇಡಿ! ಮೇಲೆ ಹಂಚು ಇದೆ, ಮಳೆ ಬೀಳುವುದಿಲ್ಲ. ಸುತ್ತ ಗೋಡೆ, ಬಾಗಿಲು ಹಾಕಿದರೆ ಹಂದಿ ಬರುವುದಿಲ್ಲ. ನೆಲ ಸಿಮೆಂಟು, ಗಂಜಳದ ಕಣಿ ಗೊಬ್ಬರದ ಗುಂಡಿಗೇ ಹೋಗುತ್ತದೆ. ಬಿನ್ನಿನಿಂದ ಇಳಿಯುವ ನೀರೂ ಅಲ್ಲಿಗೇ ಹೋಗಲಿ. ಅಥವಾ ಹಿಡಿದಿಟ್ಟು ಹತ್ತು ಪಾಲು ನೀರು ಸೇರಿಸಿ ಬಸಳೆಗೆ ಹಾಕಿ.

ವಾಸನೆ ಬಂದದ್ದು ಕಸದಿಂದಲ್ಲ, ನೀರಿನಿಂದ. ನೀರು ನಿಂತರೆ ಗಾಳಿ ಆಡುವುದಿಲ್ಲ, ಗಾಳಿ ಇಲ್ಲದಲ್ಲಿ ಕೊಳೆತರೆ ನಾರುತ್ತದೆ. ಅಡುಗೆಮನೆಯ ಕಸ ಮೊದಲೇ ಪೂರ್ತಿ ಹಸಿ. ಅದಕ್ಕೆ ಒಣಗಿದ್ದು ಬೆರೆಸಲೇಬೇಕು. ಒಂದು ಬೊಗಸೆ ಹಸಿ ಕಸಕ್ಕೆ ಎರಡು ಬೊಗಸೆ ಒಣ ತರಗೆಲೆ. ಮುಷ್ಟಿಯಲ್ಲಿ ಹಿಂಡಿದರೆ ಹಿಂಡಿದ ಬಟ್ಟೆಯ ಹಾಗೆ ಪಸೆ ಇರಬೇಕು, ನೀರು ತೊಟ್ಟಿಕ್ಕಬಾರದು. ಇನೋಕ್ಯುಲಂ ಮುಗಿದರೆ ಹೆದರಬೇಡಿ, ಹಳೆ ಗೊಬ್ಬರ ಗುಂಡಿಯ ಒಂದು ಬುಟ್ಟಿ ಗೊಬ್ಬರವೇ ಹೆಪ್ಪು. ಮೊಸರಿಗೆ ಹೆಪ್ಪು ಹಾಕಿದ ಹಾಗೆ.

ಹುಳುವಿಗೂ ಹೆದರಬೇಡಿ. ದಪ್ಪ, ಬೂದುಬಿಳಿ, ಚಪ್ಪಟೆ ಇದ್ದರೆ ಅದು ಬ್ಲಾಕ್ ಸೋಲ್ಜರ್ ಎನ್ನುವ ನೊಣದ ಮರಿ. ಮನೆಯೊಳಗೆ ಬಂದು ಅನ್ನದ ಮೇಲೆ ಕೂರುವ ಜಾತಿಯಲ್ಲ. ಕಸ ಬೇಗ ತಿಂದು ಮುಗಿಸುತ್ತದೆ. ಕೋಳಿ ಇದ್ದರೆ ಹಬ್ಬ.

ಹಲಸಿನ ರೆಚ್ಚೆ ಮಾತ್ರ ಬಿನ್ನಿಗೆ ಹಾಕುವ ಮಾಲಲ್ಲ. ಕತ್ತಿಯಲ್ಲಿ ಕೊಚ್ಚಿ ಗೊಬ್ಬರದ ಗುಂಡಿಗೇ ಹಾಕಿ, ಮೇಲೆ ನಾಲ್ಕು ಬೆರಳು ಮಣ್ಣು, ಅದರ ಮೇಲೆ ಒಂದು ಹಳೆ ಗೇಟೋ ಬಲೆಯೋ. ವಾಸನೆ ಹೊರಗೆ ಬಾರದಿದ್ದರೆ ಹಂದಿಗೆ ತಿಳಿಯುವುದಿಲ್ಲ. ಕಾಡುಹಂದಿಯ ಮೂಗಿನ ಮುಂದೆ ನಮ್ಮ ಯಾವ ಬುದ್ಧಿಯೂ ನಡೆಯುವುದಿಲ್ಲ ಅನ್ನುವುದು ಬೇರೆ ಮಾತು, ನನ್ನ ಗೆಣಸಿನ ಕತೆ ಕೇಳಿದರೆ ಅಳುತ್ತೀರಿ.

ಮುಂದಿನ ವರ್ಷಕ್ಕೆ ಯೋಚಿಸುವುದಾದರೆ ಹಟ್ಟಿಯ ಒಂದು ಮೂಲೆಯಲ್ಲಿ ನಾಲ್ಕು ಸಾಲು ಕಲ್ಲು ಕಟ್ಟಿ ಎರೆಹುಳ ತೊಟ್ಟಿ ಮಾಡಿ. ನಮ್ಮ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಕೇಂದ್ರ ಸಿಪಿಸಿಆರ್‌ಐಯಲ್ಲಿ ತೆಂಗಿನ ಮಡಲನ್ನೇ ತಿಂದು ಗೊಬ್ಬರ ಮಾಡುವ ಎರೆಹುಳದ ಮೇಲೆ ತುಂಬ ಕೆಲಸ ಆಗಿದೆ. ಮಡಲು ತುಂಡು ಮಾಡಿ, ಹತ್ತು ಕಿಲೋಗೆ ಒಂದು ಕಿಲೋ ಲೆಕ್ಕದಲ್ಲಿ ಸೆಗಣಿ ಸೇರಿಸಿ, ಎರಡು ಮೂರು ವಾರ ಕೊಳೆಯಲು ಬಿಟ್ಟು ಮತ್ತೆ ಹುಳ ಬಿಡುವುದು. ನಾದಿನಿಯ ಮನೆಯ ಸೆಗಣಿ ಇದೆಯಲ್ಲ. ನಿಂಬೆ ಸಿಪ್ಪೆ, ಉಪ್ಪಿನಕಾಯಿ, ಖಾರ ಹಾಕಬೇಡಿ, ಎರೆಹುಳಕ್ಕೆ ಆಗುವುದಿಲ್ಲ. ಇರುವೆ ಕಾಟಕ್ಕೆ ತೊಟ್ಟಿಯ ಸುತ್ತ ಸಣ್ಣ ನೀರಿನ ಕಣಿ.

ಬಾಡಿಗೆ ಮನೆ, ಎರಡನೇ ಮಾಳಿಗೆ:

ನಾನು ಕಾಸರಗೋಡು ಪೇಟೆಯಲ್ಲಿ. ನಮಗೆ ಹಟ್ಟಿಯೂ ಇಲ್ಲ, ಗುಂಡಿಯೂ ಇಲ್ಲ, ಒಂದು ಬಾಲ್ಕನಿ. ಅಲ್ಲಿ ಬಟ್ಟೆಯ ಜತೆ ಹಾಲಿನ ಕವರು ಒಣಗುತ್ತದೆ. ಎದುರು ಮನೆಯ ಹೆಂಗಸು ಇಡೀ ತಿಂಗಳು ನಾವು ಎಷ್ಟು ಲೀಟರ್ ಹಾಲು ಕುಡಿದೆವು ಅಂತ ಲೆಕ್ಕ ಹೇಳುತ್ತಾರೆ.

ಮಲಯಾಳ ಕಾಗದದ ವಿಷಯಕ್ಕೆ ಬರೆದೆ. ಸುಮ್ಮನಿರಬೇಡಿ ಅಕ್ಕ. ಕೇರಳದ 1969ರ ಆಡಳಿತ ಭಾಷಾ ಕಾಯ್ದೆಯಲ್ಲೇ ಕನ್ನಡ, ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರಕಾರದ ಜತೆ ಪತ್ರ ವ್ಯವಹಾರ ಮಾಡಬಹುದು ಅಂತ ಇದೆ. ಕನ್ನಡದಲ್ಲೇ ಒಂದು ಅರ್ಜಿ ಬರೆದು ಪಂಚಾಯತಿಗೆ ಕೊಡಿ, ಪಟ್ಟಿ ಕನ್ನಡದಲ್ಲೂ ಬೇಕು ಅಂತ. ಒಬ್ಬರು ಕೊಟ್ಟರೆ ಮೇಜಿನಲ್ಲಿ ಇರುತ್ತದೆ, ವಾರ್ಡಿನ ಇಪ್ಪತ್ತು ಮನೆಯವರು ಸಹಿ ಹಾಕಿದರೆ ಮೆಂಬರು ಓಡಿ ಬರುತ್ತಾರೆ. ಅನುಭವದಿಂದ ಹೇಳುತ್ತಿದ್ದೇನೆ.

ಹಸುರು ಕೋಟು:

ನಾನು ಹರಿತ ಕರ್ಮ ಸೇನೆಯಲ್ಲಿ ಕೆಲಸ ಮಾಡುವವಳು. ಬೇರೆ ಪಂಚಾಯತು, ಅಕ್ಕನ ಮನೆಗೆ ಬರುವವಳು ನಾನಲ್ಲ. ಮನೆಮಾತು ತುಳು, ಶಾಲೆಯಲ್ಲಿ ಕಲಿತದ್ದು ಕನ್ನಡ. ‘ಪ್ಲಾಸ್ಟಿಕ್ ಉಂಡಾ’ ಅಂತ ಕೇಳಿದರೆ ತುಳುವಿನವರಿಗೂ ತಿಳಿಯುತ್ತದೆ, ಮಲಯಾಳದವರಿಗೂ ತಿಳಿಯುತ್ತದೆ, ಅದೊಂದು ಸುಖ.

50 ರೂಪಾಯಿ ಯಾಕೆ ಅಂತ ಕೇಳಿದರಲ್ಲ ಒಬ್ಬರು. ನಮಗೆ ಸರಕಾರಿ ಸಂಬಳ ಇಲ್ಲ. ಮನೆಯವರು ಕೊಡುವ ಆ ದುಡ್ಡೇ ನಮ್ಮ ದುಡಿಮೆಯ ದೊಡ್ಡ ಪಾಲು. ಕೊಡದೆ ಬಾಕಿ ಇಟ್ಟರೆ ಕಟ್ಟಡ ತೆರಿಗೆಯ ಜತೆ ವಸೂಲು ಮಾಡುವ ಹಾಗೆ ಕಾನೂನು ಬಂದಿದೆ. ಆದರೆ ಬಾಗಿಲಲ್ಲಿ ನಿಂತು ಬೈಗುಳ ತಿನ್ನುವವರು ನಾವು. ‘ನಮ್ಮ ಕಸ ನಾವು ಸುಡುತ್ತೇವೆ, ನಿಮಗೇನು’ ಅನ್ನುತ್ತಾರೆ. ಹೊಳೆಗೆ ಎಸೆದರೆ ದಂಡ 50,000ದ ತನಕ ಹೋಗುತ್ತದೆ. ಎಸೆದದ್ದನ್ನು ತೋರಿಸಿಕೊಟ್ಟವರಿಗೆ ಬಹುಮಾನವೂ ಇದೆ. ಅದನ್ನು ಹೇಳಿ ಯಾರನ್ನೂ ಹೆದರಿಸಲು ನನಗೆ ಮನಸ್ಸಿಲ್ಲ, ನಾಳೆ ಅದೇ ಮನೆಯಲ್ಲಿ ನೀರು ಕೇಳಬೇಕು.

ನಿಮ್ಮಿಂದ ಬೇಕಾದದ್ದು ಸಣ್ಣ ಸಣ್ಣ ವಿಷಯ. ಹಾಲಿನ ಕವರಿನ ಮೂಲೆಯನ್ನು ಪೂರ್ತಿ ಕತ್ತರಿಸಿ ಬಿಸಾಡಬೇಡಿ, ಅರ್ಧ ಕೊಯ್ದು ನೇತಾಡುವ ಹಾಗೆ ಬಿಡಿ. ಆ ಚಿಕ್ಕ ತುಂಡು ಯಾರ ಕೈಗೂ ಸಿಗದೆ ಮಣ್ಣಿಗೆ ಹೋಗುತ್ತದೆ. ಮೀನಿನ ಕವರು ತೊಳೆಯದೆ ಗಂಟು ಕಟ್ಟಿ ಕೊಡಬೇಡಿ. ಒಂದು ತಿಂಗಳು ಇಟ್ಟ ಆ ಗಂಟನ್ನು ಕಸ ತಂದು ವಿಂಗಡಿಸುವ ಶೆಡ್ಡಾದ ಎಂಸಿಎಫ್‌ನಲ್ಲಿ ಬಿಡಿಸುವುದು ಯಂತ್ರವಲ್ಲ, ನನ್ನ ಕೈ. ಒದ್ದೆ ಇದ್ದರೆ ಚೀಲ ಎರಡು ಪಾಲು ಭಾರ. ಅದನ್ನು ಹೊತ್ತು ನಿಮ್ಮಂಥವರ ಗುಡ್ಡೆ ಹತ್ತುವುದು ಹೇಗೆ ಹೇಳಿ. ಗಾಡಿ ರಸ್ತೆಯಲ್ಲೇ ನಿಲ್ಲುತ್ತದೆ.

ಒಣಗಿದ್ದು ಬಂದರೆ ವಿಂಗಡಿಸಿ ಮಾರುತ್ತೇವೆ. ಮಾರಾಟವಾಗದ್ದರಲ್ಲಿ ಕೆಲವನ್ನು ಹುಡಿ ಮಾಡಿ ರಸ್ತೆ ಡಾಮರಿಗೆ ಸೇರಿಸುತ್ತಾರೆ, ಉಳಿದದ್ದು ಸಿಮೆಂಟ್ ಕಾರ್ಖಾನೆಗೆ ಹೋಗುತ್ತದೆ. ಕೊಳಕಾದರೆ ಯಾವುದಕ್ಕೂ ಆಗುವುದಿಲ್ಲ.

ಆ ಬಾಟಲಿಗಳನ್ನು ಒಡೆಯದ ಹಾಗೆ ಗೋಣಿಯಲ್ಲಿ ಇಡಿ, ಅವುಗಳ ತಿಂಗಳು ಬರುತ್ತದೆ. ಪಟ್ಟಿ ಓದಲು ಆಗದಿದ್ದರೆ ಬಂದವರ ಹತ್ತಿರ ‘ಮುಂದಿನ ಸಲ ಏನು’ ಅಂತ ಬಾಯಲ್ಲೇ ಕೇಳಿ, ಕ್ಯಾಲೆಂಡರಿನಲ್ಲಿ ಬರೆದುಕೊಳ್ಳಿ. ನನ್ನ ವಾರ್ಡಿನ ಒಬ್ಬ ಅಜ್ಜಿ ಓದಲು ಬರೆಯಲು ಬಾರದವರು, ಕ್ಯಾಲೆಂಡರಿನಲ್ಲಿ ಚಪ್ಪಲಿಯ ಚಿತ್ರ ಬಿಡಿಸಿಟ್ಟಿದ್ದಾರೆ!

ಒಲೆಗೆ: ಅಡಿಕೆ ಹಾಳೆಯನ್ನು ಬೇಸಿಗೆಯಲ್ಲೇ ಉದ್ದಕ್ಕೆ ಸೀಳಿ ಅಟ್ಟದಲ್ಲಿ ಕಟ್ಟಿಡಿ. ಒಂದು ಸೀಳು, ಮೇಲೆ ಎರಡು ಕರಟ. ನಮ್ಮ ಮನೆಯಲ್ಲಿ ಅದೇ.

ಕುಡ್ಲದ ಫ್ಲಾಟು:

ಸರಿ ಮಾರಾಯ್ರೇ, ಗಾಡಿಯ ಮಾತು ವಾಪಸು ತೆಗೆದುಕೊಂಡೆ. ಮೂಲೆ ಕತ್ತರಿಸುವ ವಿಷಯ ಮನೆಯಲ್ಲಿ ಹೇಳಿದೆ. ‘ಮೊದಲು ನೀವೇ ಒಂದು ದಿನ ಹಾಲು ಕಾಯಿಸಿ’ ಅನ್ನುವ ಉತ್ತರ ಬಂತು.

ಬೈಲಮನೆ ಅಕ್ಕ:

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಬೇಸರ ಮಾಡಬೇಡಿ. ನೆಟ್‌ವರ್ಕು ಗುಡ್ಡೆಯ ಮೇಲೆ ಮಾತ್ರ.

ತುತ್ತುಸುಣ್ಣ ಅಣ್ಣ, ನೀವು ಬರೆದದ್ದು ಓದಿ ನಾನು ಹಣೆ ಚಚ್ಚಿಕೊಂಡೆ. ಹಟ್ಟಿ ದಿನಾ ಕಣ್ಣೆದುರೇ ಇತ್ತು. ಬಿನ್ ಅಲ್ಲಿಟ್ಟಿದ್ದೇನೆ, ದನಕ್ಕೆ ಹುಲ್ಲು ಹಾಕುತ್ತಿದ್ದ ಜಾಗಕ್ಕೆ ಒಣ ತರಗೆಲೆ ತುಂಬಿಸಿದ್ದೇನೆ. ಮಳೆ ಬಿಟ್ಟ ಎರಡು ದಿನ ನೋಡಿ ಗುಡ್ಡೆಯಿಂದ ಗುಡಿಸಿ ತಂದದ್ದು, ಪೂರ್ತಿ ಒಣಗಿರಲಿಲ್ಲ, ಒಲೆಯ ಹತ್ತಿರ ಹರಡಿ ಒಣಗಿಸಿದೆ. ಮೊದಲ ವಾರ ಸ್ವಲ್ಪ ಹುಳಿ ವಾಸನೆ ಇತ್ತು. ಎಲೆ ಜಾಸ್ತಿ ಮಾಡಿದ ಮೇಲೆ ಮಳೆ ಬಿದ್ದ ಮಣ್ಣಿನ ವಾಸನೆ. ಹುಳು ಇವೆ. ನೋಡುವುದಿಲ್ಲ, ಮುಚ್ಚಳ ತೆಗೆದು ಹಾಕಿ ಬರುತ್ತೇನೆ. ಹಂದಿ ಒಮ್ಮೆ ಹಟ್ಟಿಯ ಬಾಗಿಲ ತನಕ ಬಂದ ಗುರುತಿದೆ, ಒಳಗೆ ಬಂದಿಲ್ಲ.

ಹಾಳೆಯ ಉಪಾಯ ಈ ವರ್ಷಕ್ಕೆ ಸಿಗಲಿಲ್ಲ, ಎಲ್ಲ ನೆನೆದಿತ್ತು. ಕರಟದಲ್ಲಿ ದಿನ ಕಳೆಯುತ್ತಿದ್ದೇನೆ. ಒಂದು ದಿನ ಮಾತ್ರ, ನಿಜ ಹೇಳುತ್ತೇನೆ, ಒಂದು ಬಿಸ್ಕತ್ತು ಕವರು ಒಲೆಗೆ ಹೋಯಿತು. ಹಸುರು ಕೋಟಿನ ತಂಗಿ ಕ್ಷಮಿಸಬೇಕು. ಆ ದಿನ ಅತ್ತೆಗೆ ಜ್ವರ, ಬಿಸಿನೀರು ಬೇಗ ಬೇಕಿತ್ತು.

ಮೊನ್ನೆ ಪ್ಲಾಸ್ಟಿಕ್ಕಿಗೆ ಬಂದವರಿಗೆ ಮಜ್ಜಿಗೆ ಕೊಟ್ಟೆ. ಇಬ್ಬರೂ ಜಗಲಿಯಲ್ಲಿ ಕೂತು ಕುಡಿದರು. ಮುಂದಿನ ತಿಂಗಳು ಏನು ಅಂತ ಕೇಳಿ ಕ್ಯಾಲೆಂಡರಿನಲ್ಲಿ ಬರೆದೆ. ಅರ್ಜಿಗೆ ಹನ್ನೊಂದು ಸಹಿ ಆಗಿದೆ. ಇಪ್ಪತ್ತು ಆಗಬೇಕಾದರೆ ಹೊಳೆಯ ಆಚೆ ಹೋಗಬೇಕು, ಸಂಕ (ದಾಟುವ ಕಾಲುಸೇತುವೆ) ಈಗ ಮುಳುಗಿದೆ.

ಬಾಲ್ದಿಯ ವಿಷಯ ಹೇಳಲು ಮರೆತೆ. ಅದನ್ನು ಮತ್ತೆ ನೇರ ಮಾಡಿ ಅದೇ ಜಾಗದಲ್ಲಿ ಇಟ್ಟಿದ್ದೇನೆ. ಗುಡ್ಡೆಯ ಆಚೆ ಬದಿ ದನ ಇರುವ ಒಂದು ಮನೆ ಇದೆ. ಅವರ ಹುಡುಗ ಶಾಲೆ ಬಿಟ್ಟು ಬರುವಾಗ ಒಂದು ಮುಚ್ಚಳದ ಕ್ಯಾನು ತರುತ್ತಾನೆ, ತಿಳಿ ಮತ್ತು ಸಿಪ್ಪೆ ಅದಕ್ಕೆ ಸುರಿದು ಕೊಡುತ್ತೇವೆ. ಬಿನ್ನಿಗೆ ಹೋಗುವುದು ಈಗ ಅರ್ಧಕ್ಕಿಂತ ಕಡಿಮೆ. ಸುರಿದು ಕೊಡುವ ಕೆಲಸ ಅತ್ತೆಯದು, ಬೇರೆ ಯಾರೂ ಮುಟ್ಟುವ ಹಾಗಿಲ್ಲ. ನಿನ್ನೆ ಹುಡುಗ ಬರಲು ತಡವಾಯಿತು ಅಂತ ಕೊಡೆ ಹಿಡಿದು ಅಂಗಳದ ಕೊನೆಯಲ್ಲಿ ನಿಂತಿದ್ದರು. ಅವನು ಬಂದ ಕೂಡಲೇ ಕೇಳಿದ್ದು, ‘ನಿಮ್ಮ ದನ ಗಬ್ಬವಾ?’